ಒಂದೇ ಹಂಡೆ, ನಾಲ್ಕು ಪೀಪಾಯಿ: ಗ್ಲೆನ್‌ಮಾರಂಜಿ ಸಿಂಗಲ್ ಮಾಲ್ಟ್ ರುಚಿ ನೋಡುವ ಕ್ರಮ

ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿ ಮಾಲ್ಟಿನಿಂದ ಮಾಡಿದ ವಿಸ್ಕಿ) ರುಚಿ ನೋಡೋಣ ಅಂತ ಗೆಳೆಯರು ಸೇರಿದರೆ ಸಾಮಾನ್ಯವಾಗಿ ಒಬ್ಬರು ಗ್ಲೆನ್‌ಫಿಡಿಕ್ ತರುತ್ತಾರೆ, ಇನ್ನೊಬ್ಬರು ಲಗಾವುಲಿನ್, ಮತ್ತೊಬ್ಬರು ಏರ್‌ಪೋರ್ಟಿನಲ್ಲಿ ಆಫರ್ ಇತ್ತು ಅಂತ ಮೆಕಾಲನ್. ಮೂರೂ ಬೇರೆ ಬೇರೆ ಎಂಬುದು ಮೊದಲ ಗುಟುಕಿಗೇ ತಿಳಿಯುತ್ತದೆ. ಯಾಕೆ ಬೇರೆ ಎಂಬುದು ಬಾಟಲಿ ಖಾಲಿಯಾದರೂ ತಿಳಿಯುವುದಿಲ್ಲ. ಬಾರ್ಲಿ ಒಣಗಿಸಿದ ಹೊಗೆ, ಬಟ್ಟಿ ಇಳಿಸುವ ಹಂಡೆಯ ಆಕಾರ, ಮಾಗಿಸುವ ಪೀಪಾಯಿ, ವಯಸ್ಸು, ಎಲ್ಲವೂ ಒಟ್ಟಿಗೆ ಬದಲಾಗಿರುವಾಗ ಯಾವುದರಿಂದ ಯಾವ ರುಚಿ ಬಂತು ಅಂತ ಹೇಳುವುದು ಹೇಗೆ?

ಒಂದೇ ಡಿಸ್ಟಿಲರಿಯ ನಾಲ್ಕು ವಿಸ್ಕಿ ಇಟ್ಟುಕೊಂಡು ಕೂತರೆ ಈ ಗೊಂದಲ ಕಡಿಮೆಯಾಗುತ್ತದೆ. ಅದೇ ನೀರು, ಅದೇ ಹಂಡೆ, ಅದೇ ಕೆಲಸಗಾರರು. ಬದಲಾಗಿರುವುದು ಒಂದೋ ಎರಡೋ ಸಂಗತಿ. ನಾಲ್ಕೂ ಲೋಟದಲ್ಲಿ ಸಿಗುವ ರುಚಿ ಡಿಸ್ಟಿಲರಿಯದ್ದು, ಒಂದರಲ್ಲಿ ಮಾತ್ರ ಸಿಗುವುದು ಪೀಪಾಯಿಯದ್ದು. ಕಳೆಯುವ ಲೆಕ್ಕ, ಅಷ್ಟೆ. ಈ ಲೇಖನದಲ್ಲಿ ಆ ಲೆಕ್ಕವನ್ನು ಮನೆಯ ಮೇಜಿನ ಮೇಲೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಆರಿಸಿಕೊಂಡಿರುವ ಡಿಸ್ಟಿಲರಿ ಗ್ಲೆನ್‌ಮಾರಂಜಿ.

ಗ್ಲೆನ್‌ಮಾರಂಜಿಯೇ ಯಾಕೆ

ಸ್ಕಾಟ್ಲೆಂಡಿನ ಉತ್ತರಕ್ಕೆ, ಇನ್ವರ್ನೆಸ್ ದಾಟಿ ಇನ್ನೂ ಸುಮಾರು 55 ಕಿಲೋಮೀಟರ್ ಹೋದರೆ ಟೇನ್ ಎಂಬ ಪುಟ್ಟ ಊರು. ಡಾರ್ನಾಕ್ ಫರ್ತ್ ಎಂಬ ಕಡಲ ಚಾಚಿನ ದಡದಲ್ಲಿದೆ. ಅಲ್ಲಿನ ಮಾರಂಜಿ ಫಾರ್ಮ್‌ನಲ್ಲಿ ವಿಲಿಯಂ ಮ್ಯಾಥಿಸನ್ 1843ರಲ್ಲಿ ಲೈಸೆನ್ಸ್ ಪಡೆದು ಈ ಡಿಸ್ಟಿಲರಿ ಶುರುಮಾಡಿದರು. ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ, ಜಿನ್ ತಯಾರಿಸುತ್ತಿದ್ದವರ ಹಳೆಯ ಹಂಡೆಗಳನ್ನು ಕೊಂಡು ತಂದರು ಎನ್ನುವುದು ಕಂಪನಿ ಹೇಳುವ ಕಥೆ. ಜಿನ್ ಹಂಡೆಗಳ ಕತ್ತು ಉದ್ದ. ಆಮೇಲೆ ಮಾಡಿಸಿದ ಹಂಡೆಗಳೆಲ್ಲ ಅದೇ ಅಳತೆಯವು. ಕತ್ತು ಮಾತ್ರವೇ 5.14 ಮೀಟರ್, ಸ್ಕಾಟ್ಲೆಂಡಿನಲ್ಲೇ ಅತಿ ಎತ್ತರ.

ಈ ಎತ್ತರ ನಿಮ್ಮ ಲೋಟಕ್ಕೆ ಸಂಬಂಧಪಟ್ಟ ವಿಷಯ. ಕುದಿಯುವ ದ್ರವದಿಂದ ಎದ್ದ ಆವಿ ಐದು ಮೀಟರ್ ಮೇಲೇರಬೇಕು. ಭಾರದ, ಜಿಡ್ಡಿನ ಅಂಶಗಳು ದಾರಿಯಲ್ಲೇ ತಣಿದು ವಾಪಸ್ ಹಂಡೆಗೆ ಬೀಳುತ್ತವೆ. ಹಗುರವಾದ, ಹಣ್ಣಿನ ಘಮದ ಅಂಶಗಳು ಮಾತ್ರ ಆಚೆ ದಾಟುತ್ತವೆ. ತಾಮ್ರದ ಗೋಡೆಗೆ ಆವಿ ಹೆಚ್ಚು ಹೊತ್ತು ತಾಗುವುದರಿಂದ ಗಂಧಕದ ವಾಸನೆಯೂ ಕಳೆಯುತ್ತದೆ. ಹಾಗಾಗಿ ಗ್ಲೆನ್‌ಮಾರಂಜಿಯ ಹೊಸ ಸ್ಪಿರಿಟ್ (ಪೀಪಾಯಿಗೆ ತುಂಬುವ ಮುಂಚಿನ ಮದ್ಯ) ತೆಳು, ಹೂವಿನಂಥದ್ದು, ಕಿತ್ತಳೆಯಂಥದ್ದು. ಮೆಕಾಲನ್‌ನ ಗಿಡ್ಡ ಹಂಡೆಗಳಲ್ಲಿ ಇಳಿಯುವ ಸ್ಪಿರಿಟ್ ಇದಕ್ಕೆ ವಿರುದ್ಧ: ದಪ್ಪ, ಎಣ್ಣೆಯ ಮೈ.

ತೆಳು ಸ್ಪಿರಿಟ್‌ನಿಂದ ಕಲಿಯುವವರಿಗೆ ಅನುಕೂಲವಿದೆ. ಪೀಪಾಯಿ ಏನು ಮಾಡಿತು ಎಂಬುದು ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಬಾರ್ಲಿ ಒಣಗಿಸಲು ಸುಡುವ ಪೀಟ್ ಎಂಬ ಜವುಗು ಮಣ್ಣಿನ ಹೊಗೆಯ ಅಡ್ಡಿಯೂ ಇಲ್ಲ. ಇನ್ನೊಂದು ಕಾರಣ, ಪೀಪಾಯಿಯಿಂದ ಪೀಪಾಯಿಗೆ ವಿಸ್ಕಿ ದಾಟಿಸಿ ಕೊನೆಯ ಕೆಲವು ವರ್ಷ ಬೇರೆ ಮರದಲ್ಲಿ ಮಾಗಿಸುವ 'ಫಿನಿಶ್' ಪದ್ಧತಿಯನ್ನು 1990ರ ದಶಕದಲ್ಲಿ ಜನಪ್ರಿಯ ಮಾಡಿದ ಡಿಸ್ಟಿಲರಿಗಳಲ್ಲಿ ಇದು ಮುಂಚೂಣಿಯದು. 1995ರಲ್ಲಿ ಇಲ್ಲಿಗೆ ಬಂದ ವಿಸ್ಕಿ ತಜ್ಞ ಬಿಲ್ ಲಮ್ಸ್‌ಡನ್ ಆ ಕೆಲಸವನ್ನು ಬಹಳ ದೂರ ಒಯ್ದರು. ನಮ್ಮ ಲೆಕ್ಕಕ್ಕೆ ಬೇಕಾದ್ದು ಸರಿಯಾಗಿ ಇದೇ: ತಳ ಒಂದು, ಮುಗಿತಾಯ ನಾಲ್ಕು.

ಬಾಟಲಿ ಹೊಂದಿಸುವುದು

ನಾಲ್ಕು ದೊಡ್ಡ ಬಾಟಲಿ ಒಮ್ಮೆಗೇ ಕೊಳ್ಳಬೇಡಿ. ಗ್ಲೆನ್‌ಮಾರಂಜಿಯವರೇ ತಲಾ 100 ಮಿಲಿಯ ನಾಲ್ಕು ಪುಟ್ಟ ಬಾಟಲಿಗಳ ಡಬ್ಬ ಮಾರುತ್ತಾರೆ. ಬ್ರಿಟನ್ನಿನ ಅಂಗಡಿಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ, ಅಲ್ಲಿಂದ ಬರುವ ನೆಂಟರಿಗೆ ಹೇಳಿಟ್ಟರೂ ಆಯಿತು. ಇಬ್ಬರು ಮೂವರು ಕೂತು ನೋಡಲು ಅಷ್ಟು ಸಾಕು. ಅದು ಸಿಗದಿದ್ದರೆ ನಾಲ್ವರು ಗೆಳೆಯರು ತಲೆಗೊಂದು ಬಾಟಲಿ ತರುವ ಹಳೆಯ ಉಪಾಯ ಇದ್ದೇ ಇದೆ. ವಿದೇಶದಿಂದ ಭಾರತಕ್ಕೆ ಬರುವ ಪ್ರಯಾಣಿಕರು ತಲಾ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಡ್ಯೂಟಿ ಫ್ರೀಯಲ್ಲಿ ಒಂದು ಲೀಟರಿನ ಬಾಟಲಿಗಳೇ ಹೆಚ್ಚು ಇರುವುದರಿಂದ ಲೆಕ್ಕ ಹಾಕಿಕೊಂಡು ತನ್ನಿ.

ಬೇಕಾದ ನಾಲ್ಕು ಇವು:

ಒರಿಜಿನಲ್. ಪೂರ್ತಿ ಬರ್ಬನ್ (ಅಮೆರಿಕದ ಒಂದು ಬಗೆಯ ವಿಸ್ಕಿ) ಇದ್ದ ಪೀಪಾಯಿಯಲ್ಲಿ ಮಾಗಿದ್ದು. ವರ್ಷಾನುಗಟ್ಟಲೆ 10 ವರ್ಷದ್ದಾಗಿತ್ತು, 2024ರಿಂದ ಹಲವು ದೇಶಗಳಲ್ಲಿ 12 ವರ್ಷದ್ದು ಅದರ ಜಾಗಕ್ಕೆ ಬಂದಿದೆ. ಹೆಚ್ಚಿನ ಕಡೆ ಶೇಕಡ 40 ಆಲ್ಕೋಹಾಲ್.

ನೆಕ್ಟಾರ್ ಡೋರ್. ಬರ್ಬನ್ ಪೀಪಾಯಿಯ ನಂತರ ಫ್ರಾನ್ಸಿನ ಸೊಟರ್ನ್ ಸಿಹಿ ವೈನ್ ಇದ್ದ ಪೀಪಾಯಿ. ಶೇಕಡ 46.

ಲಸಾಂಟಾ. 10 ವರ್ಷ ಬರ್ಬನ್, ಆಮೇಲೆ 2 ವರ್ಷ ಸ್ಪೇನಿನ ಶೆರ್ರಿ ವೈನ್ ಇದ್ದ ಪೀಪಾಯಿ. ಶೇಕಡ 43.

ಕ್ವಿಂಟಾ ರುಬಾನ್. 10 ವರ್ಷ ಬರ್ಬನ್, 4 ವರ್ಷ ಪೋರ್ಚುಗಲ್‌ನ ರೂಬಿ ಪೋರ್ಟ್ ವೈನ್ ಇದ್ದ ಪೀಪಾಯಿ, ಒಟ್ಟು 14. ಶೇಕಡ 46.

ಈಚಿನ ವರ್ಷಗಳಲ್ಲಿ ಕಂಪನಿ ಲೇಬಲ್, ಹೆಸರು, ವಯಸ್ಸು ಎಲ್ಲವನ್ನೂ ಬದಲಿಸುತ್ತಿದೆ. ನಿಮ್ಮ ಕೈಗೆ ಬಂದ ಬಾಟಲಿಯ ಮೇಲಿನ ಅಂಕಿಯನ್ನೇ ನಂಬಿ, ಕೆಳಗಿನ ಲೆಕ್ಕಕ್ಕೆ ಅದನ್ನೇ ಹಾಕಿ. ಒರಿಜಿನಲ್‌ನ 12 ವರ್ಷದ್ದೂ ಲಸಾಂಟಾದ 12 ವರ್ಷದ್ದೂ ಒಟ್ಟಿಗೆ ಸಿಕ್ಕರೆ ಬಿಡಬೇಡಿ. ಎರಡರ ವಯಸ್ಸೂ ಒಂದೇ. ಒಂದು ಕೊನೆಯ ಎರಡು ವರ್ಷ ಹಳೆಯ ಜಾಗದಲ್ಲೇ ಇತ್ತು, ಇನ್ನೊಂದು ಮನೆ ಬದಲಿಸಿತು. ಇದಕ್ಕಿಂತ ಶುದ್ಧವಾದ ಹೋಲಿಕೆ ಅಂಗಡಿಯ ಕಪಾಟಿನಲ್ಲಿ ಸಿಗುವುದು ಕಷ್ಟ.

ವಯಸ್ಸಿನ ಬಗ್ಗೆ ಒಂದು ಮಾತು. ಲೇಬಲ್ ಮೇಲಿನ ವರ್ಷ ಆ ಬಾಟಲಿಯಲ್ಲಿರುವ ಅತಿ ಕಿರಿಯ ವಿಸ್ಕಿಯದ್ದು. ಅದನ್ನು ಬೇರೆ ದೇಶದ ವಿಸ್ಕಿಯ ವಯಸ್ಸಿನ ಜೊತೆ ತೂಗಬೇಡಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಆವಿಯಾಗುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಅದು ಶೇಕಡ 10ರಿಂದ 12. ಇಲ್ಲಿ ನಾಲ್ಕೈದು ವರ್ಷಕ್ಕೆ ಮರ ಕೊಡುವುದನ್ನು ಅಲ್ಲಿ ಕೊಡಲು ಬಹಳ ವರ್ಷ ಬೇಕು. 2004ರಲ್ಲಿ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಆದರೂ ಈ ಸಂಜೆಯ ಸಾಲಿನಲ್ಲಿ ಅದಕ್ಕೆ ಜಾಗ ಬೇಡ.

ಲೋಟ, ನೀರು, ಕೋಣೆ

ಅಗಲ ಬಾಯಿಯ ದಪ್ಪ ಗಾಜಿನ ಲೋಟದಲ್ಲಿ ಘಮ ನಿಲ್ಲುವುದಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲೆನ್‌ಕೇರ್ನ್ ಲೋಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಣ್ಣ ವೈನ್ ಲೋಟ ಸಾಕು. ನಾಲ್ಕೂ ಒಂದೇ ಆಕಾರದವಾಗಿರಲಿ. ಸೋಪಿನ ವಾಸನೆ ಉಳಿಯದ ಹಾಗೆ ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಬೀರುವಿನಲ್ಲಿ ಬೋರಲು ಹಾಕಿದ್ದ ಲೋಟಕ್ಕೆ ಮರದ, ನುಸಿಗುಳಿಗೆಯ ವಾಸನೆ ಅಂಟಿರುತ್ತದೆ. ವಿಸ್ಕಿ ಸುರಿಯುವ ಮುಂಚೆ ಖಾಲಿ ಲೋಟವನ್ನೇ ಒಮ್ಮೆ ಮೂಸಿ ನೋಡಿ.

ನೀರಿಗೆ ಕ್ಲೋರಿನ್ ವಾಸನೆ ಇರಕೂಡದು. ನಲ್ಲಿ ನೀರಾದರೆ ಕುದಿಸಿ ಆರಿಸಿ, ಇಲ್ಲವಾದರೆ ಬಾಟಲಿ ನೀರು ತನ್ನಿ.

ಅಡುಗೆಮನೆಯಲ್ಲಿ ಒಗ್ಗರಣೆ ಬಿದ್ದರೆ ಆ ಸಂಜೆಯ ಕೆಲಸ ಮುಗಿದಂತೆ. ಊದುಬತ್ತಿ, ಸೊಳ್ಳೆಬತ್ತಿ, ಹೂದಾನಿಯ ಸುಗಂಧರಾಜ, ಬಂದವರ ಸೆಂಟು, ಇವೆಲ್ಲ ದೂರ. ಊಟಕ್ಕೆ ಮುಂಚೆ, ಹೊಟ್ಟೆ ತೀರಾ ಖಾಲಿ ಇಲ್ಲದ ಹೊತ್ತು ಒಳ್ಳೆಯದು. ಸಂಜೆ ಐದೂವರೆ ಆರು ಗಂಟೆ. ಅದಕ್ಕೆ ಒಂದು ಗಂಟೆ ಮುಂಚಿನಿಂದ ಕಾಫಿ, ಎಲೆಅಡಿಕೆ, ಸಿಗರೇಟು ಬೇಡ. ಮಧ್ಯೆ ಬಾಯಿ ಶುಚಿ ಮಾಡಲು ನೀರು, ಸಪ್ಪೆ ರಸ್ಕು. ಕಾಂಗ್ರೆಸ್ ಕಡಲೆಬೀಜ ಇಲ್ಲದೆ ವಿಸ್ಕಿಯೇ ಇಲ್ಲ ಎನ್ನುವವರಿಗೆ ಅದನ್ನು ಕೊನೆಗೆ ಕೊಡಿ, ತಟ್ಟೆಯನ್ನು ಮೇಜಿನಿಂದ ದೂರ ಇಟ್ಟಿರಿ. ಖಾರ ಬಿದ್ದ ನಾಲಿಗೆಗೆ ಆಲ್ಕೋಹಾಲ್ ಉರಿ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ವಿಸ್ಕಿ ಪುಸ್ತಕಗಳು ಹೇಳುವ ಕೋಣೆಯ ಉಷ್ಣತೆ ಸ್ಕಾಟ್ಲೆಂಡಿನ ಕೋಣೆಯದ್ದು, 18ರಿಂದ 20 ಡಿಗ್ರಿ. ಏಪ್ರಿಲ್‌ನ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಲೋಟದಿಂದ ಮೊದಲು ಏಳುವುದು ಆಲ್ಕೋಹಾಲ್ ಘಾಟು. ಬಾಟಲಿಯನ್ನು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಫ್ರೀಜರ್ ಬೇಡ, ಐಸ್ ಅಂತೂ ಬೇಡವೇ ಬೇಡ. ತಣ್ಣಗಾದಷ್ಟೂ ಘಮ ಮುಚ್ಚಿಕೊಳ್ಳುತ್ತದೆ.

ಮೊದಲ ಹೆಜ್ಜೆ: ಸುರಿಯುವುದು, ಸರಿಗಟ್ಟುವುದು

ಒಂದೊಂದು ಲೋಟಕ್ಕೆ 20 ಮಿಲಿ. ನಾಲ್ಕೂ ಸೇರಿ 80, ಅಂದರೆ ಒಂದು ಲಾರ್ಜ್ ಪೆಗ್‌ಗಿಂತ ಸ್ವಲ್ಪ ಹೆಚ್ಚು. ಇದರ ಮೇಲೆ ಹೋದರೆ ಮೂಗೂ ನಾಲಿಗೆಯೂ ಸುಳ್ಳು ಹೇಳಲು ಶುರುಮಾಡುತ್ತವೆ. ಇಷ್ಟು ಕುಡಿದವರೂ ಗಾಡಿ ಓಡಿಸಬಾರದು. ನಮ್ಮ ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ, ಅದನ್ನು ದಾಟಲು ಹೆಚ್ಚೇನೂ ಬೇಕಿಲ್ಲ. ಆಟೋ ಹೇಳಿ, ಅಥವಾ ಅಲ್ಲೇ ಉಳಿದುಬಿಡಿ.

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇನ್ನು ಬರುವುದು, ನನ್ನ ಪ್ರಕಾರ ಇಡೀ ಸಂಜೆಗೆ ಅತಿ ಮುಖ್ಯವಾದದ್ದೂ ಅದೇ. ಶೇಕಡ 40ರ ವಿಸ್ಕಿಯನ್ನು ಶೇಕಡ 46ರ ವಿಸ್ಕಿಯ ಪಕ್ಕ ಇಟ್ಟು ನೋಡಿದರೆ ನೀವು ಪೀಪಾಯಿಯನ್ನು ಹೋಲಿಸುತ್ತಿಲ್ಲ, ಆಲ್ಕೋಹಾಲನ್ನು ಹೋಲಿಸುತ್ತಿದ್ದೀರಿ. ಜಾಸ್ತಿ ಇರುವುದು ಯಾವಾಗಲೂ 'ಗಟ್ಟಿ', 'ರುಚಿ ಜಾಸ್ತಿ' ಅನ್ನಿಸುತ್ತದೆ. ಹಾಗಾಗಿ ನಾಲ್ಕನ್ನೂ ಒಂದೇ ಮಟ್ಟಕ್ಕೆ ಇಳಿಸಬೇಕು.

ಲೆಕ್ಕ ಸುಲಭ. ಸುರಿದ ಅಳತೆಯನ್ನು ಬಾಟಲಿಯ ಶೇಕಡಾವಾರಿನಿಂದ ಗುಣಿಸಿ, ಬೇಕಾದ ಶೇಕಡಾವಾರಿನಿಂದ ಭಾಗಿಸಿ. ಬಂದದ್ದರಲ್ಲಿ ಸುರಿದ ಅಳತೆ ಕಳೆದರೆ ಹಾಕಬೇಕಾದ ನೀರು. 20 ಮಿಲಿ ಕ್ವಿಂಟಾ ರುಬಾನ್ ಶೇಕಡ 46ರಲ್ಲಿದೆ, 40ಕ್ಕೆ ಇಳಿಯಬೇಕು: 20 ಇಂಟು 46 ಅಂದರೆ 920, ಅದನ್ನು 40ರಿಂದ ಭಾಗಿಸಿದರೆ 23. ನೀರು 3 ಮಿಲಿ. ನೆಕ್ಟಾರ್ ಡೋರ್‌ಗೂ ಅಷ್ಟೇ. ಲಸಾಂಟಾ 43ರಲ್ಲಿದ್ದರೆ ಒಂದೂವರೆ ಮಿಲಿ. ಒರಿಜಿನಲ್‌ಗೆ ಏನೂ ಬೇಡ. ಅಳೆಯಲು ಮೆಡಿಕಲ್ ಶಾಪಿನಿಂದ 5 ಮಿಲಿ ಸಿರಿಂಜ್ ತನ್ನಿ, ಸೂಜಿ ಬೇಡ ಅನ್ನಿ. ನೀರು ಬಿಟ್ಟ ಮೇಲೆ ಲೋಟವನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಐದು ನಿಮಿಷ ಬಿಡಿ.

ಕ್ವಿಂಟಾ ರುಬಾನ್‌ಗೆ ನೀರು ಬಿದ್ದಾಗ ಒಂದು ಚೂರು ಮಂಜುಮಂಜಾಗಿ ಕಂಡರೆ ಗಾಬರಿಯಾಗಬೇಡಿ. ಅದನ್ನು ತಣಿಸಿ ಸೋಸಿಲ್ಲ, ಹಾಗಾಗಿ ಎಣ್ಣೆಯ ಅಂಶಗಳು ಹಾಗೇ ಉಳಿದಿವೆ. ಆಲ್ಕೋಹಾಲ್ ಇಳಿದಾಗ ಅವು ಕರಗಿ ನಿಲ್ಲಲಾರದೆ ಮೇಲೆ ಕಾಣಿಸಿಕೊಳ್ಳುತ್ತವೆ.

ಬಾಟಲಿಯ ಶಕ್ತಿಯಲ್ಲೇ ಕುಡಿದು ನೋಡಬೇಕು ಅನ್ನುವ ಆಸೆ ಇದ್ದರೆ ಅದಕ್ಕೆ ಬೇರೆ ಸಂಜೆ ಇಟ್ಟುಕೊಳ್ಳಿ. ನೀರು ಹಾಕಿದರೆ ವಿಸ್ಕಿ ಕೆಟ್ಟಿತು ಎನ್ನುವ ಜಂಬಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ವಿಸ್ಕಿ ಬೆರೆಸುವ ವೃತ್ತಿಯವರು ಮೂಸಿ ನೋಡುವುದು ಸುಮಾರು ಶೇಕಡ 20ಕ್ಕೆ ಇಳಿಸಿಕೊಂಡೇ.

ಎರಡನೇ ಹೆಜ್ಜೆ: ಅಡುಗೆಮನೆಯಿಂದ ಒಂದು ತಟ್ಟೆ

ಡಬ್ಬದ ಮೇಲಿನ ವರ್ಣನೆಯಲ್ಲಿ ನೆಕ್ಟರಿನ್, ಟ್ಯಾಂಜರೀನ್, ಕಸ್ಟರ್ಡ್ ಅಂತೆಲ್ಲ ಇರುತ್ತದೆ. ಮೂಗು ತನಗೆ ಗೊತ್ತಿರುವುದನ್ನಷ್ಟೇ ಗುರುತಿಸುತ್ತದೆ. ನೆಕ್ಟರಿನ್ ತಿಂದೇ ಇರದವರು ಅದನ್ನು ಲೋಟದಲ್ಲಿ ಹುಡುಕಿ ಸುಸ್ತಾಗುವ ಬದಲು ಸಣ್ಣ ಬಟ್ಟಲುಗಳಲ್ಲಿ ಇವನ್ನು ಇಡಿ: ಆಗ ತಾನೇ ಸುಲಿದ ಕಿತ್ತಳೆ ಸಿಪ್ಪೆ (ಕೊಡಗಿನ ಕಿತ್ತಳೆ ಸಿಕ್ಕರೆ ಇನ್ನೂ ಒಳ್ಳೆಯದು, ಸಿಪ್ಪೆಯಲ್ಲಿ ಎಣ್ಣೆ ಜಾಸ್ತಿ), ಒಣಕೊಬ್ಬರಿ ತುರಿ, ಜೇನುತುಪ್ಪ, ವೆನಿಲ್ಲಾ ಎಸೆನ್ಸಿನ ಒಂದು ತೊಟ್ಟು ಹಾಕಿದ ಹತ್ತಿ, ಒಣದ್ರಾಕ್ಷಿ, ಅಕ್ರೋಟ್, ಒಣ ಅಂಜೂರ, ಜಾಯಿಕಾಯಿ, ಒಂದು ತುಂಡು ಕಪ್ಪು ಚಾಕೊಲೇಟ್, ನಾಲ್ಕು ಪುದೀನ ಎಲೆ. ಕಾಲವಾಗಿದ್ದರೆ ನೇರಳೆ ಹಣ್ಣು.

ವಿಸ್ಕಿ ಮುಟ್ಟುವ ಮುಂಚೆ ಒಮ್ಮೆ ಇವನ್ನು ಕಣ್ಣು ಮುಚ್ಚಿ ಮೂಸಿ. ಆಮೇಲೆ ಲೋಟದಲ್ಲಿ ಏನೋ ಗೊತ್ತಿರುವ ವಾಸನೆ, ಹೆಸರು ಬಾಯಿಗೆ ಬರುತ್ತಿಲ್ಲ ಅಂದಾಗ ಬಟ್ಟಲುಗಳ ಕಡೆ ಹೋಗಿ. ಮುಕ್ಕಾಲು ಪಾಲು ಸಲ ಉತ್ತರ ಅಲ್ಲೇ ಇರುತ್ತದೆ.

ಕೊಬ್ಬರಿಯೂ ವೆನಿಲ್ಲಾವೂ ಎಲ್ಲಿಂದ ಬಂದವು ಅನ್ನುವುದಾದರೆ, ಅಮೆರಿಕದ ಬಿಳಿ ಓಕ್ ಮರದಿಂದ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಿಸಬೇಕು. ಒಮ್ಮೆ ಬಳಸಿದ್ದು ಅವರಿಗೆ ಮತ್ತೆ ಬರ್ಬನ್‌ಗೆ ಬಾರದು, ಸ್ಕಾಟ್ಲೆಂಡಿಗೆ ಹಡಗು ಹತ್ತುತ್ತದೆ. ಗ್ಲೆನ್‌ಮಾರಂಜಿ ಅಂಥ ಪೀಪಾಯಿಯನ್ನು ಎರಡೇ ಸಲ ತುಂಬಿಸುತ್ತದೆ. ಮೂರನೇ ಸಲಕ್ಕೆ ಮರದಲ್ಲಿ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಮೂರನೇ ಹೆಜ್ಜೆ: ಮೂಸುವುದು

ಬಣ್ಣ ನೋಡಿ, ಖುಷಿಪಡಿ, ಅದರಿಂದ ತೀರ್ಮಾನಕ್ಕೆ ಬರಬೇಡಿ. ಸ್ಕಾಚ್ ಕಾನೂನು ಕ್ಯಾರಮೆಲ್ ಬಣ್ಣ ಸೇರಿಸಲು ಅವಕಾಶ ಕೊಡುತ್ತದೆ, ಗಾಢ ಬಣ್ಣ ಅಂದರೆ ಹಳೆಯದು ಎಂಬ ಲೆಕ್ಕ ನಡೆಯುವುದಿಲ್ಲ.

ಲೋಟವನ್ನು ಮೊದಲು ಗದ್ದದ ಹತ್ತಿರ ಹಿಡಿಯಿರಿ. ಅಲ್ಲಿಗೇ ಏನೋ ಬರುತ್ತದೆ, ಅದನ್ನು ಗಮನಿಸಿ. ಆಮೇಲೆ ನಿಧಾನಕ್ಕೆ ಮೂಗಿನತ್ತ. ಬಾಯಿ ಸ್ವಲ್ಪ ತೆರೆದಿರಲಿ, ಘಾಟು ನೇರ ನೆತ್ತಿಗೆ ಏರುವುದಿಲ್ಲ. ವೈನ್‌ನವರ ಹಾಗೆ ಮೂಗನ್ನು ಲೋಟದೊಳಗೆ ಇಳಿಸಿ ಉಸಿರೆಳೆದರೆ ಮುಂದಿನ ಹತ್ತು ನಿಮಿಷ ಮೂಗು ಮರಗಟ್ಟಿರುತ್ತದೆ. ಚಿಕ್ಕ ಚಿಕ್ಕ ಉಸಿರು, ಎಡ ಹೊಳ್ಳೆಗೊಮ್ಮೆ ಬಲ ಹೊಳ್ಳೆಗೊಮ್ಮೆ. ಮೂಗು ದಣಿದರೆ ನಿಮ್ಮದೇ ಅಂಗಿಯ ತೋಳನ್ನು ಮೂಸಿ, ಸರಿಹೋಗುತ್ತದೆ.

ನಾಲ್ಕೂ ಲೋಟವನ್ನು ಒಂದು ಸುತ್ತು ಬರೀ ಮೂಸಿ ಮುಗಿಸಿ. ಇನ್ನೂ ಯಾವುದನ್ನೂ ಕುಡಿಯಬೇಡಿ. ಅರ್ಧದಷ್ಟು ಕೆಲಸ ಇಲ್ಲೇ ಆಗುತ್ತದೆ.

ಒರಿಜಿನಲ್‌ನ ಒಂದೆರಡು ತೊಟ್ಟನ್ನು ಅಂಗೈಗೆ ಹಾಕಿ ಉಜ್ಜಿ, ಆಲ್ಕೋಹಾಲ್ ಹಾರಿಹೋಗಲು ಬಿಟ್ಟು ಮೂಸಿ. ಹಣ್ಣೆಲ್ಲ ಹೋಗಿ ಕಾಳಿನ ವಾಸನೆ ಉಳಿಯುತ್ತದೆ, ಬಾರ್ಲಿಯದ್ದು. ಹುರಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದಾಗಿನ ನೆನಪಾದರೆ ಸರಿದಾರಿಯಲ್ಲಿದ್ದೀರಿ.

ನಾಲ್ಕನೇ ಹೆಜ್ಜೆ: ಗುಟುಕು

ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಬಾಯನ್ನು ಆಲ್ಕೋಹಾಲಿಗೆ ಒಗ್ಗಿಸಲು. ಎರಡನೆಯದನ್ನು ಅರ್ಧ ಚಮಚೆಯಷ್ಟು ತೆಗೆದುಕೊಂಡು ನಾಲಿಗೆಯ ಮೇಲೆಲ್ಲ ಹರಡಿ, ಅಗಿಯುವ ಹಾಗೆ ಒಂದೆರಡು ಸಲ ದವಡೆ ಆಡಿಸಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲಿನಿಂದ ಮೂಗಿಗೆ ಹಿಂದಿನಿಂದ ಏರುವ ಆ ಘಮದಲ್ಲೇ ನಿಜವಾದ ಸುದ್ದಿ ಇರುತ್ತದೆ.

ಮೂರು ವಿಷಯ ಕೇಳಿಕೊಳ್ಳಿ. ಬಾಯಿಗೆ ತೆಳ್ಳಗೆ ಅನ್ನಿಸಿತೋ, ಎಣ್ಣೆ ಸವರಿದಂತೆ ಅನ್ನಿಸಿತೋ? ಸಿಹಿಯಾದ ಮೇಲೆ ಏನು ಬಂತು, ಹುಳಿಯೋ ಒಗರೋ ಕಹಿಯೋ? ನುಂಗಿದ ಮೇಲೆ ಎಷ್ಟು ಹೊತ್ತು ನಿಂತಿತು? ಒಗರನ್ನು ವಿಶೇಷವಾಗಿ ಗಮನಿಸಿ. ಮರದಿಂದ, ಅದರಲ್ಲೂ ಕೆಂಪು ವೈನಿನ ಪೀಪಾಯಿಯಿಂದ ಬರುವ ಟ್ಯಾನಿನ್ ಅದು.

ಈಗ ಸಾಲಾಗಿ

ಒರಿಜಿನಲ್ ಮೊದಲು. ಅವಸರ ಬೇಡ. ಮುಂದಿನ ಮೂರರ ತಳ ಇದೇ ಆದ್ದರಿಂದ ಇದರ ರುಚಿಯನ್ನು ಬಾಯಿಪಾಠ ಮಾಡಬೇಕು. ಕಿತ್ತಳೆ ಸಿಪ್ಪೆ, ವೆನಿಲ್ಲಾ, ಜೇನು, ಹಿಂದೆ ಸಣ್ಣಗೆ ಕೊಬ್ಬರಿ. ಬಾಯಲ್ಲಿ ಹಗುರ. ಇದರಲ್ಲಿ ಏನೂ ಇಲ್ಲ ಅನ್ನುವವರು ಬಹಳ, ನಾನು ಒಪ್ಪುವುದಿಲ್ಲ. ಗದ್ದಲ ಮಾಡದ ವಿಸ್ಕಿ ಇದು. ಮುಖ್ಯವಾದ ಮಾತು: 20 ಮಿಲಿಯಲ್ಲಿ ಅರ್ಧವನ್ನು ಮಾತ್ರ ಮುಗಿಸಿ. ಉಳಿದದ್ದು ಸಂಜೆಯಿಡೀ ಮೇಜಿನ ಮೇಲೆ ಇರಬೇಕು. ಪ್ರತಿ ಹೊಸ ಲೋಟದ ನಂತರ ಇದಕ್ಕೆ ಮರಳಿ ಒಮ್ಮೆ ಮೂಸಬೇಕು.

ನೆಕ್ಟಾರ್ ಡೋರ್ ಎರಡನೆಯದು. ಸೊಟರ್ನ್ ವೈನ್ ಬೋರ್ಡೋ ಪ್ರಾಂತ್ಯದ್ದು. ದ್ರಾಕ್ಷಿಗೆ ಒಂದು ಬಗೆಯ ಬೂಷ್ಟು ಹಿಡಿದು ನೀರು ಆರಿ, ಸಿಹಿ ಗಟ್ಟಿಯಾದ ಮೇಲೆ ಕೊಯ್ಯುತ್ತಾರೆ. ಒರಿಜಿನಲ್‌ನಲ್ಲಿದ್ದ ಜೇನು ಇಲ್ಲಿ ಮುಂದಕ್ಕೆ ಬಂದಿರುತ್ತದೆ, ಕಿತ್ತಳೆಯ ಜಾಗದಲ್ಲಿ ನಿಂಬೆ, ಕೊನೆಗೆ ಶುಂಠಿಯ ಬಿಸಿ. ಎರಡೂ ಹಗುರ, ಎರಡೂ ಹೊಂಬಣ್ಣ. ನಾಲ್ಕರಲ್ಲಿ ವ್ಯತ್ಯಾಸ ಹಿಡಿಯಲು ಕಷ್ಟವಾದ ಜೋಡಿ ಇದೇ. ಮೊದಲ ಸಲಕ್ಕೆ ಸಿಗದಿದ್ದರೆ ಬೇಸರಪಡದೆ ಮುಂದೆ ಹೋಗಿ.

ಲಸಾಂಟಾ ಬರುವಾಗ ಬಾಗಿಲು ಬೇರೆ ಕಡೆ ತೆರೆಯುತ್ತದೆ. ಒಲೊರೊಸೊ ಶೆರ್ರಿ ಗಾಳಿಯ ಸಂಪರ್ಕದಲ್ಲಿ ಮಾಗಿದ ವೈನ್, ಅಕ್ರೋಟಿನ ಕಡೆಯ ರುಚಿ. ಪೆದ್ರೊ ಹಿಮೆನೆಜ್ ಎಂಬ ಇನ್ನೊಂದು ಶೆರ್ರಿ ಅಂತೂ ಒಣದ್ರಾಕ್ಷಿ ಪಾಕವೇ. ಲಸಾಂಟಾದ ಶೆರ್ರಿ ಪೀಪಾಯಿಗಳಲ್ಲಿ ಇವೆರಡೂ ಬಗೆಯವು ಇರುತ್ತವೆ. ಒಣದ್ರಾಕ್ಷಿ, ಅಕ್ರೋಟ್, ಜಾಯಿಕಾಯಿ, ಕಿತ್ತಳೆ ಇದ್ದರೂ ಸಿಪ್ಪೆಗಿಂತ ಮುರಬ್ಬದ ಹಾಗೆ. ಒರಿಜಿನಲ್‌ಗೆ ಮರಳಿ, ಮತ್ತೆ ಇಲ್ಲಿಗೆ ಬನ್ನಿ. ಎರಡರಲ್ಲೂ ಇರುವ ಕಿತ್ತಳೆ ಮತ್ತು ವೆನಿಲ್ಲಾವನ್ನು ಕಳೆದುಬಿಡಿ, ಉಳಿದದ್ದು ಶೆರ್ರಿಯ ಎರಡು ವರ್ಷ. ನನಗೆ ಇದರ ಘಮ ಇಷ್ಟ, ಬಾಯಲ್ಲಿ ಮಾತ್ರ ಘಮ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳುವುದಿಲ್ಲ.

ಕ್ವಿಂಟಾ ರುಬಾನ್ ಕೊನೆಗೆ. ಎರಡರ ಬದಲು ನಾಲ್ಕು ವರ್ಷ ಎರಡನೇ ಪೀಪಾಯಿಯಲ್ಲಿ ಇದ್ದದ್ದಕ್ಕೆ ಅದರ ಗುರುತು ಹೆಚ್ಚು. ಬರೆದಿಟ್ಟುಕೊಳ್ಳುವುದು ಹೇಗೆ ಎಂಬುದಕ್ಕೂ ಆಯಿತು ಅಂತ ನನ್ನ ಟಿಪ್ಪಣಿಯನ್ನೇ ಇಲ್ಲಿ ಕೊಡುತ್ತೇನೆ:

"ನೀರಿಗೆ ಮುಂಚೆ: ಘಾಟು, ಅದರ ಹಿಂದೆ ನೇರಳೆ. ನೀರು ಹಾಕಿ ಐದು ನಿಮಿಷ: ಕೋಕೋ ಪುಡಿ, ಕಿತ್ತಳೆ ಮುಂದೆ ಬಂತು. ಬಾಯಲ್ಲಿ ಸಿಹಿ, ಆಮೇಲೆ ನಾಲಿಗೆಯ ಎರಡೂ ಪಕ್ಕಕ್ಕೆ ಒಗರು. ನುಂಗಿದ ಮೇಲೆ ಪುದೀನ, ತಣ್ಣಗೆ, ಬಹಳ ಹೊತ್ತು. ಒರಿಜಿನಲ್ ಕಳೆದರೆ: ಕೋಕೋ, ಒಗರು, ಪುದೀನ."

ಕೊನೆಯ ಸಾಲೇ ಮುಖ್ಯ. ಅಂಕ ಕೊಡುವುದು, ನೂರಕ್ಕೆ ಎಂಬತ್ತೇಳು ಅನ್ನುವುದು ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. 'ಒರಿಜಿನಲ್ ಕಳೆದರೆ' ಎಂಬ ಒಂದು ಸಾಲು ಬರೆದಿಟ್ಟರೆ ಎಷ್ಟು ದಿನ ಬಿಟ್ಟು ಓದಿದರೂ ಆ ಪೀಪಾಯಿ ನೆನಪಾಗುತ್ತದೆ. ಗುಂಪಿನಲ್ಲಿದ್ದರೆ ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತಾಡಬೇಡಿ. ಒಬ್ಬರು 'ಚಾಕೊಲೇಟ್' ಅಂದರೆ ಸಾಕು, ಎಲ್ಲರಿಗೂ ಚಾಕೊಲೇಟೇ ಸಿಗುತ್ತದೆ.

ಕ್ವಿಂಟಾ ರುಬಾನ್ ಆದ ತಕ್ಷಣ ಒರಿಜಿನಲ್‌ಗೆ ಮರಳಿದರೆ ಅದು ನೀರಿನಂತೆ ಕಾಣುತ್ತದೆ. ಬಾಯಿ ಮುಕ್ಕಳಿಸಿ, ರಸ್ಕು ತಿಂದು, ಹತ್ತು ನಿಮಿಷ ಹರಟೆ ಹೊಡೆದು ಆಮೇಲೆ ಮರಳಿ.

ಐದನೇ ಹೆಜ್ಜೆ: ಕಣ್ಣು ಕಟ್ಟಿ ನೋಡುವುದು

ಲೇಬಲ್ ನೋಡಿಕೊಂಡು ಒಣದ್ರಾಕ್ಷಿ ಹುಡುಕುವುದು ಯಾರಿಗೂ ಕಷ್ಟವಲ್ಲ. ನಿಜವಾಗಿ ಗೊತ್ತಾಗುತ್ತಿದೆಯೋ ಎಂದು ತಿಳಿಯಲು ಇನ್ನೊಂದು ದಿನ ಇದನ್ನು ಮಾಡಿ. ಮೂರು ಲೋಟ, ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ತಲಾ 10 ಮಿಲಿ ಸಾಕು, ಎಲ್ಲ ಒಂದೇ ಶೇಕಡಾವಾರಿನಲ್ಲಿ. ಸುರಿಯುವವರು ಬೇರೆ ಕೋಣೆಯಲ್ಲಿ ಸುರಿದು, ತಳಕ್ಕೆ ಚೀಟಿ ಅಂಟಿಸಿ ತರಲಿ. ಬಣ್ಣ ಗೊತ್ತಾಗದಂತೆ ದೀಪ ಮಂದ ಮಾಡಿ, ಅಥವಾ ಲೋಟಕ್ಕೆ ಕಾಗದ ಸುತ್ತಿ. ಬೇರೆಯದು ಯಾವುದು ಅಂತ ಹಿಡಿಯಬೇಕು, ಅಷ್ಟೆ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದೇ ಗೆಲುವಿಗೆ ಬೀಗಬೇಡಿ.

ಒರಿಜಿನಲ್ ಮತ್ತು ಕ್ವಿಂಟಾ ರುಬಾನ್‌ನಿಂದ ಶುರುಮಾಡಿ, ಅದು ಸುಲಭ. ಆಮೇಲೆ ಲಸಾಂಟಾ ಮತ್ತು ಕ್ವಿಂಟಾ ರುಬಾನ್. ಒರಿಜಿನಲ್ ಮತ್ತು ನೆಕ್ಟಾರ್ ಡೋರ್ ಕೊನೆಗೆ. ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ಹೊಸಬರು ಗೆಲ್ಲುವುದೂ ಉಂಟು, ಅವರು ಪುಸ್ತಕದ ಪದಗಳನ್ನು ಹುಡುಕದೆ ಬರೀ ಮೂಸುತ್ತಾರೆ ಅಂತ ಕಾಣುತ್ತದೆ.

ಟೇನ್‌ಗೆ ಹೋಗುವುದಾದರೆ

ಲಂಡನ್ನಿನಲ್ಲೋ ಎಡಿನ್‌ಬರೋದಲ್ಲೋ ಮಕ್ಕಳಿದ್ದು ಬೇಸಿಗೆಗೆ ಹೋಗಿ ಬರುವವರು ಈಗ ಬಹಳ. ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೋಗುವ ರೈಲು ಟೇನ್‌ನಲ್ಲಿ ನಿಲ್ಲುತ್ತದೆ. ದಿನಕ್ಕೆ ಕೆಲವೇ ರೈಲು, ವಾಪಸ್ ಬರುವ ವೇಳೆ ಮೊದಲೇ ನೋಡಿಕೊಳ್ಳಿ. ಡಿಸ್ಟಿಲರಿ ಒಳಗೆ ನೋಡಲು ಮುಂಚಿತವಾಗಿ ಬುಕ್ ಮಾಡಬೇಕು. ಕಾರಿನಲ್ಲಿ ಹೋದರೆ ಓಡಿಸುವವರು ಅಲ್ಲಿ ಕುಡಿಯಕೂಡದು. ಸ್ಕಾಟ್ಲೆಂಡಿನ ಮಿತಿ 2014ರ ಡಿಸೆಂಬರ್‌ನಿಂದ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂಗೆ ಇಳಿದಿದೆ. ಅಲ್ಲಿನ ಡಿಸ್ಟಿಲರಿಗಳು ಸಾಮಾನ್ಯವಾಗಿ ಡ್ರೈವರ್ ಪಾಲನ್ನು ಸಣ್ಣ ಸೀಸೆಗೆ ಹಾಕಿ ಕೊಡುತ್ತವೆ, ಕೇಳಿ ಪಡೆಯಿರಿ.

ಹಂಡೆಮನೆಯಲ್ಲಿ ಆ ಉದ್ದ ಕತ್ತುಗಳ ಕೆಳಗೆ ನಿಂತಾಗ ತಲೆ ಎತ್ತಿ ನೋಡಿ, ಮೇಲಿನ ತುದಿಯಲ್ಲಿ ಕೊಳವೆ ಬಾಗುವ ಜಾಗದವರೆಗೆ. ಆವಿ ಏರಬೇಕಾದ ಎತ್ತರ ಅದು. ಇಲ್ಲಿ ಮೇಜಿನ ಮೇಲೆ ನಾಲ್ಕೂ ಲೋಟದಲ್ಲಿ ಸಿಕ್ಕಿದ ಕಿತ್ತಳೆಗೆ ಅಲ್ಲಿ ಕಾರಣ ಕಾಣುತ್ತದೆ. ನೀರಿನ ಟಾರ್ಲೊಗಿ ಬುಗ್ಗೆಗಳೂ ಹತ್ತಿರದಲ್ಲೇ ಇವೆ. ಸ್ಕಾಟ್ಲೆಂಡಿನ ಹೆಚ್ಚಿನ ಡಿಸ್ಟಿಲರಿಗಳು ಮೆದು ನೀರು ಬಳಸಿದರೆ ಇಲ್ಲಿನದು ಗಡಸು ನೀರು.

ಉಳಿದದ್ದು, ಮುಂದಿನದು

ಉಳಿದ ಬಾಟಲಿಗಳನ್ನು ನಿಲ್ಲಿಸಿಯೇ ಇಡಿ. ವೈನಿನಂತೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಿಸಿಲು ಬೀಳದ ಬೀರುವಿನಲ್ಲಿ ಅರ್ಧದವರೆಗೆ ಇರುವ ಬಾಟಲಿ ತಿಂಗಳುಗಟ್ಟಲೆ ಸರಿ ಇರುತ್ತದೆ. ಕಾಲು ಭಾಗಕ್ಕೆ ಇಳಿದ ಮೇಲೆ ಸಣ್ಣ ಸೀಸೆಗೆ ಬಗ್ಗಿಸಿಡಿ, ಅಥವಾ ಮುಗಿಸಿಬಿಡಿ.

ಪೀಪಾಯಿಯ ಪಾಠ ಮುಗಿದ ಮೇಲೆ ಪೀಟ್ ಹೊಗೆಯ ಪಾಠಕ್ಕೆ ಎರಡು ಜಾಗ ಹೇಳುತ್ತೇನೆ. ಐಲಾ ದ್ವೀಪದ ಬ್ರುಕ್‌ಲ್ಯಾಡಿ ಒಂದೇ ಹಂಡೆಗಳಲ್ಲಿ ಹೊಗೆಯಿಲ್ಲದ ಕ್ಲಾಸಿಕ್ ಲ್ಯಾಡಿಯನ್ನೂ ಹೊಗೆಯ ಪೋರ್ಟ್ ಷಾರ್ಲಟನ್ನೂ ಮಾಡುತ್ತದೆ. ಕ್ಲಾಸಿಕ್ ಲ್ಯಾಡಿ ಮತ್ತು ಪೋರ್ಟ್ ಷಾರ್ಲಟ್ 10 ಎರಡೂ ಶೇಕಡ 50, ಸಿರಿಂಜ್ ಕೆಲಸವೇ ಇಲ್ಲ. ಕ್ಯಾಂಬೆಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್ ಇನ್ನೂ ಸ್ವಾರಸ್ಯ: ಹೊಗೆಯಿಲ್ಲದೆ ಮೂರು ಸಲ ಬಟ್ಟಿ ಇಳಿಸಿದ ಹೇಜಲ್‌ಬರ್ನ್, ಸ್ವಲ್ಪ ಹೊಗೆಯ, ಎರಡೂವರೆ ಸಲ (ಒಂದು ಪಾಲು ಎರಡು ಸಲ, ಉಳಿದದ್ದು ಮೂರು ಸಲ) ಇಳಿಸಿದ ಸ್ಪ್ರಿಂಗ್‌ಬ್ಯಾಂಕ್, ಗಾಢ ಹೊಗೆಯ, ಎರಡು ಸಲ ಇಳಿಸಿದ ಲಾಂಗ್‌ರೋ, ಮೂರೂ ಒಂದೇ ಸೂರಿನಡಿ. ಬಾಟಲಿ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಅಲ್ಲಿ ಕ್ರಮ ಮಾತ್ರ ತಪ್ಪಿಸಬೇಡಿ: ಹೇಜಲ್‌ಬರ್ನ್ ಮೊದಲು, ಲಾಂಗ್‌ರೋ ಕೊನೆಗೆ. ಹೊಗೆ ಒಮ್ಮೆ ನಾಲಿಗೆಯ ಮೇಲೆ ಕೂತರೆ ಆ ಸಂಜೆ ಬೇರೆ ಯಾವುದರ ರುಚಿಯೂ ಹತ್ತುವುದಿಲ್ಲ.